ಗಾಳಕ್ಕೆ ನಿಲ್ಲದ ಜೋಳದ ಹಿಟ್ಟು

ಆಗ ನನಗೆ ಐವತ್ತೆಂಟು. ಅದಾಗಿ ಹದಿಮೂರು ವರ್ಷ ಆಯಿತು. ನನ್ನ ಗಂಡ ಪುಣೆಯ ಹಡಪಸರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ರಿಟೈರ್ ಆಗಿ ವರ್ಷ ತುಂಬುತ್ತ ಬಂದಿತ್ತು. ಕೊನೆಯ ದಿನ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸಿದರು. ಮನೆಗೆ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ಅವರು ಕೂತರೆ ಇನ್ನೊಂದರಲ್ಲಿ ನಾನು ಏನು ಮಾಡುತ್ತೇನೆಂದು ಕೂತಲ್ಲಿಂದಲೇ ಕಾಣುತ್ತಿತ್ತು.

"ಕುಕ್ಕರ್ ಎಷ್ಟು ಸೀಟಿ ಆತು?"

"ಗ್ಯಾಸ್ ಸಣ್ಣ ಮಾಡು."

"ಚಮಚೆ ಹನ್ನೆರಡಿದ್ವು, ಈಗ ಹನ್ನೊಂದ ಅದಾವಲ್ಲ?"

ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿದ ಮನುಷ್ಯ, ಎಣಿಸಲು ಬೇರೆ ಏನೂ ಸಿಗದೆ ನನ್ನ ಅಡುಗೆಮನೆಗೆ ಬಂದಿದ್ದರು. ಆರು ತಿಂಗಳು ಸಹಿಸಿದೆ. ಏಳನೆಯ ತಿಂಗಳಿಗೆ ಇಬ್ಬರಲ್ಲಿ ಒಬ್ಬರು ಮನೆ ಬಿಡಬೇಕಾಗಿತ್ತು. ಅದು ನಾನಂತೂ ಆಗಿರುತ್ತಿರಲಿಲ್ಲ.

ನಮ್ಮ ಓಣಿಯ ಕಿರಾಣಿ ಅಂಗಡಿಯವರು ಅಥಣಿ ಕಡೆಯವರು. ಅವರ ಹತ್ತಿರ ಒಂದು ಹಳೆಯ ವ್ಯಾನು, ತಲೆಯಲ್ಲಿ ಗಾಳದ ಹುಚ್ಚು. ಪ್ರತಿ ರವಿವಾರ ಅಂಗಡಿಗೆ ಮಗನನ್ನು ಕೂರಿಸಿ, ಬಸ್ ಡ್ರೈವರ್ ಕೆಲಸದಿಂದ ರಿಟೈರ್ ಆದ ಒಬ್ಬ ಮರಾಠಿ ಗೆಳೆಯರನ್ನು ಕರೆದುಕೊಂಡು, ಭೋರ್ ಆಚೆ ಡ್ಯಾಮಿನ ಹಿನ್ನೀರಿಗೆ ಹೋಗುತ್ತಿದ್ದರು. ಆ ವರ್ಷ ಗಣಪತಿ ಕಳಿಸಿದ ಮೇಲೆ ಒಂದು ದಿನ ನಮ್ಮವರನ್ನು ಕಂಡು, "ಮನ್ಯಾಗ ಕುಂತು ವೈನೀ ತಲಿ ಯಾಕ ತಿಂತೀರಿ? ವ್ಯಾನಿನ್ಯಾಗ ಒಂದು ಜಾಗಾ ಅದ, ಬರ್ರಿ" ಅಂದರು. ವೈನಿ ಅಂದರೆ ಅತ್ತಿಗೆ, ಅಂದರೆ ನಾನು.

ಹೋದರು. ಹೋಗಿ ಬಂದ ಮೇಲೆ ಬೇರೆ ಮನುಷ್ಯನೇ ಆದರು. ಗಾಳದ ಕೋಲು ಬಂತು, ದಾರ ಸುತ್ತುವ ರೀಲು ಬಂತು, ನೀರಿನ ಮೇಲೆ ತೇಲುವ ಕೆಂಪು ಬೆಂಡು ಬಂತು. ಮೀನಿಗೆ ಹೋಗುವುದು ವಾರಕ್ಕೆ ಒಂದು ದಿನ. ಉಳಿದ ಆರು ದಿನ ಅದರದ್ದೇ ತಯಾರಿ. ಬುಧವಾರ ರೀಲಿಗೆ ಎಣ್ಣೆ. ಗುರುವಾರ ದಾರ ಬಿಚ್ಚಿ ಮತ್ತೆ ಸುತ್ತುವುದು. ಶುಕ್ರವಾರ ಗಾಳದ ಕೊಂಡಿಗಳನ್ನು ಕಲ್ಲಿಗೆ ಉಜ್ಜಿ ಉಗುರಿನ ಮೇಲೆ ಹರಿತ ನೋಡುವುದು. ಕುಕ್ಕರಿನ ಸೀಟಿ ಮರೆತರು. ಹೊಟ್ಟೆತುಂಬ ಉಂಡು ಗೊರಕೆ ಹೊಡೆದು ಮಲಗಿದರು. ನನಗೂ ನನ್ನ ಅಡುಗೆಮನೆ ತಿರುಗಿ ಸಿಕ್ಕಿತು.

ಒಂದೇ ಕೊರತೆ. ಮೀನು ಸಿಗಲಿಲ್ಲ.

ಮೊದಲ ರವಿವಾರ ಸಿಗಲಿಲ್ಲ ಅಂದರೆ ಹೊಸಬರು ಅನ್ನಬಹುದು. ನಾಲ್ಕಾಯಿತು, ಐದಾಯಿತು. ಅಂಗಡಿಯವರು ಎರಡು ಮೀನು ತಂದರೆ ಡ್ರೈವರ್ ಮೂರು ತರುತ್ತಿದ್ದರು. ನಮ್ಮವರ ಚೀಲ ಹೋದ ಹಾಗೆಯೇ ಬರುತ್ತಿತ್ತು, ಒಳಗೆ ಒಣ ಹುಲ್ಲುಕಡ್ಡಿ ಮಾತ್ರ. ಒಂದು ಸಲ ಅಂಗಡಿಯವರು ಪಾಪ ಅಂದು ಒಂದು ಮೀನು ಕಳಿಸಿಕೊಟ್ಟರು. ನಾನು ಸಾರು ಮಾಡಿದೆ. ಇವರು ಮುಟ್ಟಲಿಲ್ಲ, ಉಪ್ಪಿನಕಾಯಿ ಹಚ್ಚಿಕೊಂಡು ರೊಟ್ಟಿ ತಿಂದು ಎದ್ದರು.

ಎಲ್ಲಾ ದೈವದ ಆಟ ಅಂತ ಅವರ ನಂಬಿಕೆ. ದೈವ ಸುಧಾರಿಸಲಿಕ್ಕೆ ಒಂದೊಂದೇ ಕಟ್ಟಳೆ ಶುರುವಾಯಿತು. ಹೊರಡುವಾಗ ಎಲ್ಲಿಗೆ ಅಂತ ಯಾರೂ ಕೇಳಬಾರದು. ಕೋಲನ್ನು ಯಾರೂ ದಾಟಬಾರದು. ಗಾಳದ ಅಂಗಿ ಬೇರೆ, ಅದನ್ನು ತೊಳೆಯಬಾರದು. ಒಂಬತ್ತನೆಯ ವಾರಕ್ಕೆ ಆ ಅಂಗಿ ಮೊಳೆಯ ಮೇಲಿಂದ ತಾನೇ ಇಳಿದು ನಡೆದು ಹೋಗುವ ಹಾಗೆ ಆಗಿತ್ತು. ಕೋಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ದಂಡೆಯಲ್ಲಿ ಕೂತ ಜಾಗ ಬದಲಿಸಿದರು, ಮತ್ತೆ ಹಳೆಯ ಜಾಗಕ್ಕೇ ಬಂದರು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹಿಟ್ಟಿನದು. ಗಾಳಕ್ಕೆ ಸಿಕ್ಕಿಸುವ ಹಿಟ್ಟಿನ ಉಂಡೆಗೆ ಹೆಂಗಸಿನ ಕೈ ತಾಗಬಾರದು. ಅದಲ್ಲದೆ, ಒಬ್ಬರ ಹಿಟ್ಟಿನಲ್ಲಿ ಏನಿದೆ ಅಂತ ಇನ್ನೊಬ್ಬರು ಕೇಳಬಾರದು, ನೋಡಲೂಬಾರದು. ಇದು ಆ ಮೂವರಲ್ಲೂ ಇದ್ದ ಕಟ್ಟಳೆ. ಪ್ರತಿಯೊಬ್ಬರೂ ತಮ್ಮ ಉಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆನ್ನು ತಿರುಗಿಸಿ ಕೊಂಡಿಗೆ ಸಿಕ್ಕಿಸುವುದು. ಹಾಗಾಗಿ ಇವರ ಹಿಟ್ಟನ್ನು ಯಾರೂ ನೋಡಲಿಲ್ಲ, ಇವರು ಯಾರದ್ದನ್ನೂ ನೋಡಲಿಲ್ಲ.

ಶನಿವಾರ ಸಂಜೆ ಅಡುಗೆಮನೆಯಿಂದ ನನ್ನನ್ನು ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಒಳಗೆ ಡಬ್ಬಿ ತೆಗೆದ ಸದ್ದು, ಬಡೇಸೋಪು, ಅಂದರೆ ಸೋಂಪಿನ ಕಾಳು, ಕುಟ್ಟಿದ ಸದ್ದು. ಆಮೇಲೆ ನಾನು ಹೋಗಿ ನೋಡಿದರೆ ಜೋಳದ ಹಿಟ್ಟು ನೆಲದ ಮೇಲೆ, ಬೆಲ್ಲ ಕಟ್ಟೆಯ ಮೇಲೆ, ಇರುವೆಗಳ ಸಾಲು. ಬೈಯುತ್ತಲೇ ಒರೆಸುತ್ತಿದ್ದೆ. ಅವರು ತೀರಿಹೋಗಿ ಈಗ ನಾಲ್ಕು ವರ್ಷ. ಕಿರಾಣಿ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಇದೆ, ಡ್ರೈವರ್ ಸಾತಾರಾ ಕಡೆ ಊರಿಗೆ ಹೋದರು. ನನ್ನ ಅಡುಗೆಮನೆ ಈಗ ಶನಿವಾರವೂ ಸ್ವಚ್ಛವಾಗಿಯೇ ಇರುತ್ತದೆ. ಸ್ವಚ್ಛ ಇದ್ದರೆ ಏನು ಮಾಡುವುದು, ನೋಡುತ್ತ ಕೂರುವುದೇ? ಬಡೇಸೋಪು ಕುಟ್ಟುವಾಗ ಮಾತ್ರ ಬಾಗಿಲ ಕಡೆ ಒಮ್ಮೆ ಕಣ್ಣು ಹೋಗುತ್ತದೆ. ಇರಲಿ.

ಹನ್ನೊಂದನೆಯ ರವಿವಾರ ಕಳೆದ ಮೇಲೆ, ಗುರುವಾರ ಇರಬೇಕು, ಚಹಾಪುಡಿಗೆ ಅಂಗಡಿಗೆ ಹೋದೆ. ಅಂಗಡಿಯವರು ಪೊಟ್ಟಣ ಕಟ್ಟಿ ಚಾಚಿದರು, ಆದರೆ ಕೈಯಿಂದ ಬಿಡಲಿಲ್ಲ.

"ವೈನಿ, ಒಂದು ಮಾತು. ಸಿಟ್ಟಾಗಬ್ಯಾಡ್ರಿ."

"ಮೊದಲು ಹೇಳ್ರಿ, ಸಿಟ್ಟು ಆಮ್ಯಾಲ ನೋಡೂಣು."

"ಹಿಂದಿನ ಎರಡು ರವಿವಾರ ನಮಗೂ ಮೀನ ಬಿದ್ದಿಲ್ಲ. ಡ್ರೈವರ್ ಏನಂತಾರ, ನಿಮ್ಮವ್ರು ಪನವತಿ ಅಂತಾರ." ಪನವತಿ ಅಂದರೆ ಪುಣೆಯಲ್ಲಿ ಅಪಶಕುನದ ಮನುಷ್ಯ, ಜೊತೆಗಿದ್ದವರ ದೈವವನ್ನೂ ಕೆಡಿಸುವವನು. "ಯೆರವಡಾದಾಗ ಡ್ರೈವರ್ ಅವರ ಭಾವ ಅದಾರ. ಅವರನ್ನ ಕರ್ಕೊಂಡು ಹೋಗೂಣು ಅಂತಾರ. ನಾ ತಡದೀನಿ. ಈ ರವಿವಾರ ಒಂದು ನೋಡ್ತೀವಿ. ಈ ಸಲಾನೂ ಖಾಲಿ ಬಂದ್ರ, ಆ ಜಾಗಾ ಅವರಿಗೆ."

"ಇವರಿಗೆ ಹೇಳೀರೇನು?"

"ಹೇಳೀನಿ."

ಮನೆಗೆ ಬಂದು ನೋಡಿದೆ. ಗುರುವಾರ ದಾರ ಸುತ್ತುವ ದಿನ. ದಾರ ಅವರ ತೊಡೆಯ ಮೇಲೆ ಗೋಜಲಾಗಿ ಬಿದ್ದಿತ್ತು. ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ರಿಟೈರ್ ಆದ ಮೊದಲ ವಾರ ಕೂತಿದ್ದರಲ್ಲ, ಅದೇ ಥರ. ನನಗೆ ಕನಿಕರ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಹೆದರಿಕೆ ಬಂತು. ಈ ಮನುಷ್ಯನ ರವಿವಾರ ಹೋದರೆ ಉಳಿದ ಆರು ದಿನವೂ ಹೋಗುತ್ತವೆ, ಅವುಗಳ ಜೊತೆ ನನ್ನವೂ.

"ಈ ಸಲ ನಾನೂ ಬರ್ತೀನಿ" ಅಂದೆ.

"ಎಲ್ಲಿಗೆ?"

"ನೀವು ಹೋಗೋ ಕಡೆ. ಎಲ್ಲಿ ಅಂತ ಕೇಳಬಾರದಲ್ಲ, ಅದಕ್ಕ ಕೇಳಾಕತ್ತಿಲ್ಲ."

"ಹೆಂಗಸರು ಬಂದ್ರ ಮೀನ ಬೀಳಂಗಿಲ್ಲ."

"ಹೆಂಗಸರು ಬರದನ ಹನ್ನೊಂದು ವಾರ ಬಿದ್ದಾವೇನು?"

ಅವರು ತೊಡೆಯ ಮೇಲಿನ ದಾರದ ಗೋಜಲು ಬಿಡಿಸತೊಡಗಿದರು.

ನವೆಂಬರ್ ಚಳಿ. ಬೆಳಕು ಹರಿಯುವ ಹೊತ್ತಿಗೆ ವ್ಯಾನ್ ಹತ್ತಿದೆ. ನನ್ನನ್ನು ಕಂಡು ಡ್ರೈವರ್ ಕೈಮುಗಿದರು, ಆದರೆ ಮುಖ ಹುಳಿ ಹಿಂಡಿದ ಹಾಲಾಯಿತು. ಇದ್ದ ಒಬ್ಬ ಪನವತಿಯ ಜೊತೆ ಇನ್ನೊಬ್ಬಳು. ಕಾತ್ರಜ ಘಾಟು ಇಳಿದು, ಕಾಪುರಹೊಳದಲ್ಲಿ ಚಹಾ ಕುಡಿದು, ಭೋರ್ ದಾಟುವವರೆಗೂ ಡ್ರೈವರ್ ಒಂದು ಮಾತೂ ಆಡಲಿಲ್ಲ. ಮೂವತ್ತೈದು ವರ್ಷ ಪುಣೆಯಲ್ಲಿದ್ದರೂ ನಾನು ಆ ದಾರಿ ನೋಡಿರಲಿಲ್ಲ. ಭತ್ತ ಕೊಯ್ದ ಗದ್ದೆ, ಹಳದಿ ಗುಡ್ಡ, ಗುಡ್ಡದ ಸಂದಿಯಲ್ಲಿ ನೀರು. ತವರಿನ ಘಟಪ್ರಭೆಯ ಬೆಳಗಿನ ಹಾಗೆ ನೀರಿನಿಂದ ಹೊಗೆ ಏಳುತ್ತಿತ್ತು. ಇಷ್ಟು ಚಂದದ ಜಾಗದಲ್ಲಿ ಬೆನ್ನು ತಿರುಗಿಸಿ ಕೂರುವುದಕ್ಕೆ ಈ ಗಂಡಸರಿಗೇ ಸಾಧ್ಯ.

ನನ್ನನ್ನು ದೂರದ ಜಾಲಿಮರದ ಕೆಳಗೆ ಕೂರಿಸಿದರು. ದಂಡೆಗೆ ಬರಬಾರದು ಅಂತ ಕಟ್ಟಪ್ಪಣೆ. ನಾನು ಮೂರು ಕಲ್ಲು ಹೂಡಿ, ಕಡ್ಡಿ ಆರಿಸಿ, ಚಹಾಕ್ಕೆ ಪಾತೇಲಿ ಇಟ್ಟೆ. ಹತ್ತು ಗಂಟೆಯ ಹೊತ್ತಿಗೆ ಅಂಗಡಿಯವರಿಗೆ ಒಂದು ಮೀನು ಬಿತ್ತು. ಆಮೇಲೆ ಡ್ರೈವರಿಗೆ ಒಂದು. ನಮ್ಮವರ ಕೆಂಪು ಬೆಂಡು ನೀರಿನ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಅಲ್ಲಾಡದೆ ಕೂತಿತ್ತು.

ಊಟ ಮುಗಿದ ಮೇಲೆ ಡಬ್ಬಿ ತೊಳೆಯಬೇಕು. ನೀರು ದಂಡೆಯಲ್ಲಿದೆ, ಮರದ ಕೆಳಗಿಲ್ಲ. ಹೋಗಿ ಇವರ ಪಕ್ಕದಲ್ಲೇ ಕೂತು ಡಬ್ಬಿಗೆ ಮಣ್ಣು ಹಚ್ಚಿದೆ. ಆಗಲೇ ಇವರು ಹೊಸ ಉಂಡೆ ಸಿಕ್ಕಿಸಿ ಗಾಳ ಎಸೆದರು. ಕೈ ಸರಿಹೋಗದೆ ಅದು ದೂರ ಹೋಗಲಿಲ್ಲ, ನನ್ನ ಮುಂದೆ ಮೊಣಕಾಲು ನೀರಿನಲ್ಲೇ ಬಿತ್ತು. ತಿಳಿನೀರು. ಉಂಡೆಯಿಂದ ಬೆಳ್ಳಗೆ ಹೊಗೆ ಹಾಗೆ ಏನೋ ಎದ್ದು ಹರಡಿತು. ಅಕ್ಕಿ ತೊಳೆದ ನೀರು ಬಚ್ಚಲಿನಲ್ಲಿ ಹರಡುತ್ತದಲ್ಲ, ಹಾಗೆ.

"ಅದನ್ನ ಎತ್ರಿ" ಅಂದೆ.

"ಸುಮ್ಮಸುಮ್ನ ಎತ್ತಬಾರ್ದು. ನೀ ಮ್ಯಾಲ ಹೋಗು."

"ಎತ್ರಿ ಅಂದೆ."

ಎತ್ತಿದರು. ಕೊಂಡಿ ಬರಿಗೈಯಲ್ಲಿ ಬಂತು.

"ನೋಡು, ತಿಂದು ಹೋಗ್ಯಾವು. ಇಲ್ಲಿ ಮೀನ ಭಾಳ ಶಾಣ್ಯಾ."

"ಬೆಂಡು ಅಲ್ಲಾಡಿತೇನು?"

"ಇಲ್ಲ."

"ಬೆಂಡು ಅಲ್ಲಾಡಿಸದ ತಿಂದು ಹೋಗಾಕ ಅದೇನು ಮೀನೋ, ಭೂತೋ? ಮೀನು ತಿಂದಿಲ್ಲ. ನೀರು ತಿಂದದ."

ಒದ್ದೆ ಬಟ್ಟೆಗೆ ಕೈ ಹಾಕಿ ಒಂದು ಚೂರು ಹಿಟ್ಟು ಕಿತ್ತುಕೊಂಡೆ. ತಡೆಯಲು ಬಂದರು, ನಾನು ಬಿಡಲಿಲ್ಲ. ಡಬ್ಬಿಯ ಮುಚ್ಚಳದಲ್ಲಿ ನೀರು ತುಂಬಿ ಆ ಚೂರನ್ನು ಬಿಟ್ಟೆ. ಬಾಯಿಬಿಟ್ಟು ಹತ್ತು ಎಣಿಸಿದೆ. ಎಂಟಕ್ಕೆ ಅದು ಬಿರಿಯಿತು, ಹತ್ತಕ್ಕೆ ಮುಚ್ಚಳದ ತಳದಲ್ಲಿ ಬರೀ ರವೆಯ ಹಾಗೆ ಕೂತಿತು. ಇವರು ನೋಡುತ್ತಲೇ ಇದ್ದರು.

"ಹಿಟ್ಟು ಯಾವ ನೀರಾಗ ಕಲಸೀರಿ?"

"ನೀರಾಗ."

"ಬಿಸಿ ನೀರೋ, ತಣ್ಣೀರೋ?"

"ನೀರು ಅಂದ್ರ ನೀರು. ಅದರಾಗ ಏನದ?"

ಅದರಲ್ಲೇ ಎಲ್ಲಾ ಇದೆ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿದರೂ ಅಂಟಿಕೊಳ್ಳುತ್ತದೆ. ಜೋಳಕ್ಕೆ ಹುಟ್ಟಾ ಜಿಗಿ ಇಲ್ಲ. ಕುದಿಯುವ ನೀರು, ನಾವು ಎಸರು ಅನ್ನುತ್ತೇವೆ, ಅದನ್ನು ಹಿಟ್ಟಿಗೆ ಸುರಿದು, ಬಿಸಿ ಇದ್ದಾಗಲೇ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಿದರೆ ಮಾತ್ರ ಅದು ಒಂದಾಗುತ್ತದೆ. ನಮ್ಮ ಕಡೆ ಏಳೆಂಟು ವರ್ಷದ ಹುಡುಗಿಗೆ ಇದು ಗೊತ್ತು. ಅರವತ್ತು ವರ್ಷ ದಿನಾ ಎರಡು ಹೊತ್ತು ಜೋಳದ ರೊಟ್ಟಿ ತಿಂದ ಗಂಡಸಿಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಬೇಕು, ತಾಟಿಗೆ ಬಂದು ಬೀಳುತ್ತಿತ್ತಲ್ಲ. ಮೀನಿನ ಬಗ್ಗೆ ನನಗೆ ಕಾಸಿನಷ್ಟೂ ಗೊತ್ತಿಲ್ಲ. ಹಿಟ್ಟಿನ ಬಗ್ಗೆ ಗೊತ್ತು. ನನಗೆ ನಗು ತಡೆಯಲಿಲ್ಲ. ಅಷ್ಟು ವಾರ ಈ ಮನುಷ್ಯ ಬರೀ ಕೊಂಡಿ ಬಿಟ್ಟು, ಉಸಿರು ಬಿಗಿಹಿಡಿದು, ನೀರು ಕಾದಿದ್ದರು.

"ನಗಬ್ಯಾಡ" ಅಂದರು. "ನಮ್ಮ ಸ್ವಾದರಮಾವ ಹಿರಣ್ಯಕೇಶಿ ದಂಡ್ಯಾಗ ಜ್ವಾಳದ ಹಿಟ್ಟಿನಾಗ ಹಿಡೀತಿದ್ದ. ನಾ ಸಣ್ಣಾಂವಿದ್ದಾಗ ಕಣ್ಣಾರೆ ನೋಡೀನಿ. ಮೊಳಾ ಮೊಳಾ ಮೀನ."

"ಮಾವ ಹಿಡೀತಿದ್ದ, ಖರೆ. ಹಿಟ್ಟು ಯಾರು ನಾದ್ತಿದ್ರು?"

ನೀರಿನ ಕಡೆ ನೋಡಿದರು. ಅವರ ಕಣ್ಣ ಮುಂದೆ ಆ ಮನೆ, ಆ ಒಲೆ ಬಂದಿರಬೇಕು.

"ಅತ್ತಿ" ಅಂದರು ಮೆಲ್ಲಗೆ. "ರೊಟ್ಟಿ ಬಡಿಯೂವಾಗ ಒಂದು ಮುಟಗಿ ತಗದು ಮಾವನ ಕೈಯಾಗ ಕೊಡ್ತಿದ್ಳು."

"ಅತ್ತಿ ಗಂಡಸೇನು?"

ಜವಾಬಿಗೆ ಕಾಯದೆ ಮೇಲೆ ಹೋದೆ. ಕಡ್ಡಿ ತುರುಕಿ, ಉಫ್ ಅಂತ ಊದಿ, ಪಾತೇಲಿಯಲ್ಲಿ ನೀರು ಕುದಿಸಿದೆ. ಅವರ ಚೀಲದಲ್ಲಿ ಪೊಟ್ಟಣ ಕಟ್ಟಿದ ಒಣ ಹಿಟ್ಟು ಇತ್ತು, ಬಡೇಸೋಪಿನ ಪುಡಿಯೂ ಇತ್ತು. ಡಬ್ಬಿಯ ಮುಚ್ಚಳದಲ್ಲೇ ಸುರಿದು ಎಸರು ಹಾಕಿ ನಾದಿದೆ. ಹೆಬ್ಬೆರಳ ಸಂದಿ ಸುಟ್ಟಿತು, ಅದು ದಿನಾ ಸುಡುವುದೇ. ಉಂಡೆ ಮಾಡಿ ನೆಲಕ್ಕೆ ಬಡಿದೆ. ಬಿರಿಯಲಿಲ್ಲ.

ದಂಡೆಗೆ ತಂದು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಅತ್ತೆಯ ಕಥೆ ಒಪ್ಪಿಕೊಂಡರೂ ಕೈ ಮುಂದೆ ಬರಲಿಲ್ಲ. ಎಡಕ್ಕೆ ಅಂಗಡಿಯವರು, ಬಲಕ್ಕೆ ಡ್ರೈವರ್, ಇಬ್ಬರೂ ತಮ್ಮ ಬೆಂಡು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನಾನು ಉಂಡೆಯನ್ನು ಒಂದು ಕಲ್ಲಿನ ಮೇಲೆ ಇಟ್ಟೆ.

"ನನ್ನ ಕೈಯಿಂದ ಬ್ಯಾಡ. ಕಲ್ಲಿನ ಕೈಯಿಂದ ತಗೋರಿ."

ಅಂಗಡಿಯವರು ಕೆಮ್ಮಿದರು, ನಗು ಮುಚ್ಚಿಕೊಳ್ಳಲಿಕ್ಕೆ. ಇವರು ಕಲ್ಲಿನ ಮೇಲಿಂದ ಒಂದು ಚೂರು ಕಿತ್ತು, ಕೊಂಡಿಗೆ ಸಿಕ್ಕಿಸಿ ಎಸೆದರು. ಈ ಸಲ ದೂರ ಹೋಗಿ ಬಿತ್ತು.

ಕೂತೆವು. ಬಿಸಿಲು ಜಾಲಿಮರ ದಾಟಿ ಕೆಳಗೆ ಬಂತು. ನೀರುಕೋಳಿ ಎರಡು ಸಲ ಮುಳುಗಿ ಎದ್ದಿತು. ಒಮ್ಮೆ ಗಾಳ ಎತ್ತಿ ನೋಡಿದರು. ಹಿಟ್ಟು ಹಾಗೇ ಕೂತಿತ್ತು, ಒದ್ದೆಯಾಗಿ ಹೊಳೆಯುತ್ತ. ಮತ್ತೆ ಬಿಟ್ಟರು. ಮೂರು ಗಂಟೆ ಆಯಿತು. ಅಂಗಡಿಯವರು ಚೀಲ ಕಟ್ಟತೊಡಗಿದರು. ನಾನು ದೇವರಿಗೆ ಹರಕೆ ಹೊರುವವಳಲ್ಲ, ಆದರೆ ಆ ಬೆಂಡನ್ನು ಎಷ್ಟು ಹೊತ್ತು ನೋಡಿದೆನೋ, ಕಣ್ಣು ಮುಚ್ಚಿದರೂ ಕೆಂಪು ಕಾಣುತ್ತಿತ್ತು.

ಬೆಂಡು ಒಮ್ಮೆ ತಲೆ ತಗ್ಗಿಸಿತು. ಇನ್ನೊಮ್ಮೆ. ಆಮೇಲೆ ಇಲ್ಲವೇ ಇಲ್ಲ.

ನಮ್ಮವರಿಗೆ ಮೀನು ಬಂದರೆ ಏನು ಮಾಡಬೇಕೆಂಬ ರೂಢಿ ಎಲ್ಲಿಂದ ಬರಬೇಕು? ಕೋಲನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತುಬಿಟ್ಟರು. ಕೋಲು ಬಿಲ್ಲಾಯಿತು. ಓಡಿ ಬಂದವರು ಡ್ರೈವರ್. ತಮ್ಮ ಗಾಳ ನೆಲಕ್ಕೆ ಬಿಸಾಕಿ ಕೈಬಲೆ ಹಿಡಿದು ಬಂದರು. "ಢೀಲ್ ದ್ಯಾ, ಢೀಲ್ ದ್ಯಾ" ಅಂದರು, ದಾರ ಸಡಿಲ ಬಿಡಿ ಅಂತ. ಬಿಟ್ಟರು. "ಆತಾ ಓಢಾ" ಅಂದರು, ಈಗ ಎಳೆಯಿರಿ ಅಂತ. ಎಳೆದರು. ಹೀಗೆ ಅವರು ಹೇಳುವುದು, ಇವರು ಮಾಡುವುದು. ಕೊನೆಗೆ ಡ್ರೈವರ್ ಪ್ಯಾಂಟಿನ ಸಮೇತ ಸೊಂಟದವರೆಗೆ ನೀರಿಗೆ ಇಳಿದು ಬಲೆಯಲ್ಲಿ ಎತ್ತಿದರು. ರೋಹು. ನನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಇತ್ತು, ಹೊಟ್ಟೆ ಬೆಳ್ಳಿ, ರೆಕ್ಕೆ ಕೆಂಪು. ಇವರು ಅದರ ಪಕ್ಕ ಮಣ್ಣಿನಲ್ಲಿ ಕೂತು, ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದರು.

ತಿರುಗಿ ಬರುವಾಗ ವ್ಯಾನಿನಲ್ಲಿ ಬಾಯಿಗಳಿಗೆ ಬೀಗ ಇರಲಿಲ್ಲ. ಯೆರವಡಾದ ಭಾವನ ಹೆಸರನ್ನೂ ಯಾರೂ ಎತ್ತಲಿಲ್ಲ. ಡ್ರೈವರ್ ಹಿಂದೆ ತಿರುಗಿ ಮರಾಠಿಯಲ್ಲಿ, ಮುಂದಿನ ರವಿವಾರ ನನಗೂ ಒಂದು ಉಂಡೆ ನಾದಿಕೊಡಿ ವಹಿನಿ ಅಂದರು. ಅಂಗಡಿಯವರು ಅಷ್ಟಕ್ಕೆ ಬಿಡುವವರೇ?

"ಇನ್ನ ಮ್ಯಾಲ ವೈನಿ ಬರ್ಲಿ. ಇವ್ರು ಮನ್ಯಾಗ ಕುಂತು ಕುಕ್ಕರ್ ಸೀಟಿ ಎಣಸ್ಲಿ. ಗಾಳ ಇವರದು ಅನ್ನೂದಷ್ಟ, ಮೀನ ಹಿಡದಾರು ವೈನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗಬಾರದಿತ್ತು. ಇವರು ಕಿಟಕಿಯ ಕಡೆ ತಿರುಗಿದ್ದು ನಾನು ಕಾತ್ರಜ ಬರುವವರೆಗೂ ಗಮನಿಸಲಿಲ್ಲ.

ಮನೆಗೆ ಬಂದು ಮೀನು ಕೊಯ್ದೆ. ಹುಣಸೆಹಣ್ಣು, ಬೆಳ್ಳುಳ್ಳಿ, ಒಣಕೊಬ್ಬರಿ ಹಾಕಿ ಸಾರು ಮಾಡಿದೆ. ದೊಡ್ಡ ತುಂಡು ಅವರ ತಾಟಿಗೆ ಹಾಕಿದೆ. ಈ ಸಲ ತಿಂದರು. ಮುಳ್ಳು ಬಿಡಿಸಿ ಬಿಡಿಸಿ, ನಿಧಾನ ತಿಂದರು. ಕೈ ತೊಳೆದು ಬಂದು ಗಾಳದ ಕೋಲನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಲು ಸ್ಟೂಲು ಎಳೆದರು.

"ಇದೇನ್ರಿ?"

"ನಾ ಇನ್ನ ಹೋಗಂಗಿಲ್ಲ."

"ಯಾಕ? ಜಾಗಾ ಉಳೀತಲ್ಲ."

"ಹಿಟ್ಟು ನೀ ನಾದೂದು, ಬಲಿ ಡ್ರೈವರ್ ಹಿಡಿಯೂದು. ನಾ ನಡುವ ಕೋಲಿಗೆ ಕಟ್ಟಿದ ಲಿಂಬೀಹಣ್ಣೇನು? ಅಂಗಡಿಯಾಂವ ಅಂದದ್ದು ಖರೇನ ಅದ. ಆ ಮೀನ ನಂದಲ್ಲ."

ನಾನು ಬೇಕಾದಷ್ಟು ಮಾತು ಬಲ್ಲವಳು. ಆದರೆ ಅವರು ಹೇಳಿದ್ದು ನಿಜವೇ ಇತ್ತು. ನಿಜಕ್ಕೆ ಎದುರಾಡಿ ಪ್ರಯೋಜನವಿಲ್ಲ, ಮಾಡಬೇಕಾದ್ದು ಬೇರೆ. ತಾಟು ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಒಲೆಯ ಮೇಲೆ ಎಸರಿಟ್ಟೆ. ಪರಾತದಲ್ಲಿ ಜೋಳದ ಹಿಟ್ಟು ಗುಡ್ಡೆ ಮಾಡಿ ನಡುವೆ ಕುಳಿ ತೆಗೆದೆ. ಪೇಪರ್ ಓದುತ್ತಿದ್ದವರ ಕೈಯಿಂದ ಪೇಪರ್ ಕಿತ್ತು, ಅಂಗಿಯ ತೋಳು ಮೇಲೆ ಮಡಚಿ, ಪರಾತದ ಮುಂದೆ ಮಣೆಯ ಮೇಲೆ ಕೂರಿಸಿದೆ. ಕುದಿಯುವ ನೀರನ್ನು ಕುಳಿಗೆ ಸುರಿದೆ. ಆಮೇಲೆ ನನ್ನ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತು ನಿಂತು, "ಹೂಂ, ನಾದ್ರಿ" ಅಂದೆ.